ಫೈಲಿಗೆ ಸೇರದ ಪತ್ರ

ನಿನಗೆ ಮೂಗಿನ ತುದಿಯಲ್ಲೇ ಕೋಪ ಎನ್ನುತ್ತಾಳೆ ಹೆಂಡತಿ. ಕೋಪ ಬಾರದೆ ಇರುತ್ತದೆಯೆ? ಇಪ್ಪತ್ತು ವರ್ಷದ ಹಿಂದೆ, ಯಾರೋ ಕದ್ದ ಬೈಕನ್ನು ತಿಳಿಯದೆ ಕೊಂಡು ಒಂದು ದಿನ ಠಾಣೆಯಲ್ಲಿ ಕುಳಿತವನು ನಾನು. ತಪ್ಪಿಲ್ಲವೆಂದು ಕೋರ್ಟು ಬಿಟ್ಟಿತು. ಪೊಲೀಸರ ಕಂಪ್ಯೂಟರ್ ಬಿಡಲಿಲ್ಲ. ಈಗ ಶಾಲೆಯ ಬಸ್ಸು ಓಡಿಸುವ ಕೆಲಸ ಕಾಯಂ ಆಗುವ ಹೊತ್ತಿಗೆ ‘ಬೈಕ್ ಕಳ್ಳತನ’ ಎಂಬ ಸಾಲು ಎದ್ದು ಕುಳಿತಿತು. ಹದಿನೈದು ದಿನದಲ್ಲಿ ಪೊಲೀಸರ ಪ್ರಮಾಣಪತ್ರ ತರದಿದ್ದರೆ ಬೇರೆ ಡ್ರೈವರನ್ನು ನೋಡಿಕೊಳ್ಳುತ್ತೇವೆ ಎಂದರು ಹೆಡ್ ಮೇಡಂ.

ಪೊಲೀಸ್ ದಾಖಲೆ ವಿಭಾಗ ಮೂರನೆಯ ಮಹಡಿಯಲ್ಲಿ. ಅಲ್ಲಿನ ಗುಮಾಸ್ತೆ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಕೋರ್ಟಿನ ಆದೇಶ ಓದಿ, ನನ್ನೆದುರೇ ಆ ಸಾಲನ್ನು ಅಳಿಸಿ, ಪ್ರಮಾಣಪತ್ರಕ್ಕೆ ಸೋಮವಾರ ಬನ್ನಿ ಎಂದರು. ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದೆ.

ಸೋಮವಾರ ಹೋದರೆ ಸಾಲು ಮತ್ತೆ ಅಲ್ಲೇ!

"ಏನಮ್ಮಾ, ತಮಾಷೆ ಮಾಡ್ತಿದ್ದೀರಾ?" ಎಂದು ರೇಗಿದೆ.

ಅವರು ರೇಗಲಿಲ್ಲ. "ತಪ್ಪು ನಂದೇ ಅಣ್ಣ. ಕೇಸಾದಾಗ ನಿಮ್ಮ ದಾಖಲೇನ ಹನ್ನೊಂದು ಠಾಣೆಗೆ ಕಳಿಸಿದ್ರು. ಪ್ರತಿ ಭಾನುವಾರ ಆ ನಕಲು ತಾನಾಗೇ ಇಲ್ಲಿಗೆ ವಾಪಸ್ ಬರುತ್ತೆ. ಎಲ್ಲಾ ಕಡೆ ಅಳಿಸ್ಬೇಕು. ಕೂತ್ಕೊಳ್ಳಿ."

ತೆರೆದ ಊಟದ ಡಬ್ಬಿಯನ್ನು ಮುಚ್ಚಿಟ್ಟು ಫೋನ್ ಹಿಡಿದರು. ನಾಳೆ ನೋಡೋಣ ಎಂದ ಇನ್‌ಸ್ಪೆಕ್ಟರಿಗೆ, "ನಾನು ಲೈನಲ್ಲೇ ಇರ್ತೀನಿ ಸಾರ್, ಈಗ್ಲೇ ನೋಡಿ" ಎಂದರು. ಅಳಿಸಿದ್ದೇವೆಂದು ಹನ್ನೊಂದೂ ಠಾಣೆಗಳಿಂದ ಬರೆಸಿಕೊಳ್ಳಲು ನಾಲ್ಕು ದಿನ ಹಿಡಿಯಿತು. ಮುಂದಿನ ಭಾನುವಾರ ಕಳೆಯಿತು, ಸಾಲು ಬರಲಿಲ್ಲ. ಪ್ರಮಾಣಪತ್ರ ಕೈಗೆ ಬಂದಾಗ ನಾಚಿಕೆ ಬಿಟ್ಟು ಅತ್ತೆ.

ಕೆಲಸ ಕಾಯಂ ಆಯಿತು. ಆ ತಾಯಿಯ ಋಣ ದೊಡ್ಡದು. ಮಗಳ ಕೈಲಿ ತಿದ್ದಿಸಿ ಒಂದು ಧನ್ಯವಾದದ ಪತ್ರ ಬರೆದೆ. ಮೇಲಧಿಕಾರಿಗಳ ಕಣ್ಣಿಗೂ ಬೀಳಲೆಂದು ನನ್ನ ಪೂರ್ತಿ ಹೆಸರು, ವಿಳಾಸ, ಹಳೆಯ ಕೇಸಿನ ನಂಬರು, ಎಲ್ಲ ಹಾಕಿ, ನಾನೇ ಒಯ್ದು ಕೊಟ್ಟೆ.

ಗುಮಾಸ್ತೆ ಎರಡು ಸಲ ಓದಿ ಕನ್ನಡಕ ಒರೆಸಿಕೊಂಡರು. ಆಮೇಲೆ ಪತ್ರವನ್ನು ಮಡಿಸಿ ನನ್ನ ಕಡೆಗೇ ತಳ್ಳಿದರು.

"ಇಲ್ಲಿಗೆ ಬಂದ ಕಾಗದಾನೆಲ್ಲ ಕಂಪ್ಯೂಟರಿಗೆ ಏರಿಸ್ಬೇಕು ಅಣ್ಣ. ಇದನ್ನ ತಗೊಂಡ್ರೆ ಆ ಕೇಸು, ನಿಮ್ಮ ಹೆಸರು, ಎರಡೂ ಮತ್ತೆ ಒಳಗೆ ಬರುತ್ತೆ. ನನ್ನನ್ನ ಯಾರೂ ಹೊಗಳದಿದ್ರೂ ಪರವಾಗಿಲ್ಲ."

ಪತ್ರವನ್ನು ಜೇಬಿಗೆ ಇಟ್ಟುಕೊಂಡೆ. "ಬಾಯಲ್ಲಿ ಹೇಳಿದ್ರೂ ಏರಿಸ್ಬೇಕಾ ತಾಯಿ?"

"ಇಲ್ಲ," ಎಂದು ನಕ್ಕರು. "ಅದು ನನ್ನ ಹತ್ರಾನೇ ಇರುತ್ತೆ."

ಹೇಳಿದೆ. ಮಗಳು ತಿದ್ದಿದಷ್ಟು ಚೆನ್ನಾಗಿ ಬರಲಿಲ್ಲ, ಆದರೂ ಪೂರ್ತಿ ಹೇಳಿದೆ.