ಮೂರೂರು ಡಾಟ್ ಪಾರ್ಟ್‌ನರ್ಸ್

"ಈ ಹೆಸ್ರು ಹೋಗ್ಬುಟ್ಟದೆ ಅಕ್ಕ," ಎಂದ ಬ್ರೌಸಿಂಗ್ ಸೆಂಟರಿನ ಚೆಲುವರಾಜು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. "ನೆನ್ನೆ ಸಾಯಂಕಾಲನೇ ಯಾರೋ ರಿಜಿಸ್ಟರ್ ಮಾಡ್ಸವ್ರೆ."

ಯಾರೋ ಅಲ್ಲ, ನಾನೇ. ಹುಣಸೂರಿನ ನನ್ನ ಮನೆಯಲ್ಲಿ, ಹೊಲಿಗೆ ಮಿಷನ್ನಿನ ಮೇಲೆ ಮೊಬೈಲ್ ಇಟ್ಟುಕೊಂಡು, ನನ್ನೊಬ್ಬಳ ಹೆಸರಿಗೆ ಮಾಡಿಸಿಕೊಂಡಿದ್ದೆ. ಪಕ್ಕದಲ್ಲಿ ಕೂತಿದ್ದ ನನ್ನ ಪಾಲುದಾರರಿಬ್ಬರಿಗೂ ಅದು ಗೊತ್ತಿರಲಿಲ್ಲ.

ಎನ್. ಬೇಗೂರಿನ ಅಂಕಯ್ಯ ಬಿದಿರು ಬುಟ್ಟಿ ಹೆಣೆಯುತ್ತಾರೆ. ರಾವಂದೂರಿನ ಚಿಕ್ಕಮಾದಮ್ಮ ರಾಗಿ ಹುರಿಹಿಟ್ಟು ಮಾಡುತ್ತಾರೆ. ನಾನು ಬಟ್ಟೆ ಚೀಲ ಹೊಲಿಯುತ್ತೇನೆ. ಚೀಲದಲ್ಲಿ ಹಿಟ್ಟು, ಬುಟ್ಟಿಯಲ್ಲಿ ಚೀಲ. ಕಬಿನಿ ಕಡೆಯ ಒಂದು ರೆಸಾರ್ಟಿನವರು ಬಂದುಹೋಗುವ ಅತಿಥಿಗಳಿಗೆಲ್ಲ ಇದನ್ನೇ ಕೊಡುತ್ತೇವೆ ಎಂದಿದ್ದರು. ಆದರೆ ಮೂವರ ಹತ್ತಿರ ಮೂರು ಸಲ ಮಾತಾಡಲು ಆ ದೊಡ್ಡಮನುಷ್ಯರಿಗೆ ಪುರುಸೊತ್ತಿಲ್ಲ. ಇಂಟರ್ನೆಟ್ಟಿನಲ್ಲಿ ಮೂವರಿಗೂ ಒಂದೇ ಹೆಸರಿನ ವಿಳಾಸ ಬೇಕು, ಆ ಹೆಸರಿನದೇ ಇಮೇಲ್ ಬೇಕು. ಇವತ್ತು ನಾಲ್ಕು ಗಂಟೆಯೊಳಗೆ ಅದರಿಂದ ಒಪ್ಪಿಗೆ ಪತ್ರ ಬರದಿದ್ದರೆ ಆರ್ಡರು ಬೇರೆಯವರಿಗೆ. ಆಗಲೇ ಎರಡು ದಾಟಿತ್ತು.

ಮೂರೂರು ಎಂಬ ಹೆಸರು ಚಿಕ್ಕಮಾದಮ್ಮನವರದು. ಚುಕ್ಕಿಯ ಆಚೆ ಏನಿರಬೇಕು ಎಂದು ಹುಡುಕಿದವಳು ನಾನು. ಡಾಟ್ ಕಾಮ್ ನಮಗೆ ಆಗಿಬಂದಿರಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಜೊತೆಗಿದ್ದ ಧರ್ಮೇಂದ್ರ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡು, ಜಗಳವಾದ ದಿನ ವಿಳಾಸ, ಗಿರಾಕಿ ಎರಡನ್ನೂ ಎತ್ತಿಕೊಂಡು ಹೋಗಿದ್ದ. ಕೂಡಿ ವ್ಯಾಪಾರ ಮಾಡುವವರಿಗೆಂದೇ ಡಾಟ್ ಪಾರ್ಟ್‌ನರ್ಸ್ ಅಂತ ಒಂದಿದೆ, ಓದಿದ ತಕ್ಷಣ ಇದು ಒಬ್ಬರ ಸ್ವತ್ತಲ್ಲ ಎಂದು ಗೊತ್ತಾಗುತ್ತದೆ ಎಂದು ಇಬ್ಬರ ಮುಂದೆ ಭಾಷಣ ಬಿಗಿದಿದ್ದೆ. ಆದರೆ ಅರ್ಜಿಯಲ್ಲಿ ಮಾಲೀಕರ ಹೆಸರಿಗೆ ಇದ್ದದ್ದು ಒಂದೇ ಖಾನೆ. ಅದನ್ನು ನೋಡಿದ್ದೇ ಧರ್ಮೇಂದ್ರನ ನೆನಪಾಗಿ ಮೈ ಉರಿಯಿತು. ಇನ್ನೊಂದು ಸಲ ಮೋಸ ಹೋಗುವವಳು ನಾನಲ್ಲ ಅಂದುಕೊಂಡು 'ಗೌತಮಿ' ಎಂದು ನನ್ನ ಹೆಸರನ್ನೇ ಒತ್ತಿಬಿಟ್ಟೆ.

ಕೆಲಸ ಮುಗೀತು ಎಂದು ಫೋನಿನಲ್ಲಿ ಹೇಳಿ ಸುಮ್ಮನಾಗುವ ಯೋಚನೆಯಿತ್ತು. ಅಷ್ಟರಲ್ಲಿ ಇಬ್ಬರೂ, ಇಂಥ ಕೆಲಸ ಮೂವರೂ ಕೂತು ಮಾಡಿಸಬೇಕು ಎಂದು ಬಸ್ಸು ಹತ್ತಿ ಬಂದೇಬಿಟ್ಟರು.

"ಯಾರ್ ಮಾಡ್ಸಿರಾದು, ನೋಡಪ್ಪ," ಎಂದರು ಅಂಕಯ್ಯ.

"ಹೆಸ್ರು ತೋರ್ಸಾಕಿಲ್ಲ ಅಣ್ಣ. ಮುಚ್ಚಿಟ್ಟವ್ರೆ."

"ಇನ್ಯಾರ್ ಮಾಡಾರು? ಅವ್ನೇ ಕಣ, ಧರ್ಮೇಂದ್ರ!"

"ಬೇರೆ ಹೆಸ್ರು ನೋಡಣ ಬುಡಿ ಅಂಕಣ್ಣ, ಟೈಮಿಲ್ಲ," ಎಂದೆ. ಆಗಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ.

"ನಮ್ಮೆಸ್ರು ನಾವ್ಯಾಕವ್ವ ಬುಡಾದು? ಒಂದ್ಸಲ ಸುಮ್ಕಿದ್ದಿದ್ದೇ ತಪ್ಪಾಯ್ತು," ಎನ್ನುತ್ತ ಅವರು ಎದ್ದು ಹೊರಟೇಬಿಟ್ಟರು. ಧರ್ಮೇಂದ್ರನ ಮೊಬೈಲ್ ಅಂಗಡಿ ಅದೇ ರಸ್ತೆಯಲ್ಲಿ, ನಾಲ್ಕು ಮಳಿಗೆ ಆಚೆಗೆ.

"ಹೋಗಿ ಹಿಡ್ಕಳವ್ವ, ಬಿಪಿ ಮಾತ್ರೆ ತಿನ್ನೋ ಜೀವ," ಎಂದು ಚಿಕ್ಕಮಾದಮ್ಮ ನನ್ನ ತೋಳು ನೂಕಿದರು. ನಾನು ಕೂತೇ ಇದ್ದೆ. ಹೊರಗೆ ಗಲಾಟೆ ಕೇಳಿದ ಮೇಲೆಯೇ ಓಡಿದ್ದು.

ಅಂಕಯ್ಯ ಅವನ ಕೊರಳಪಟ್ಟಿ ಹಿಡಿದಿದ್ದರು. ಸುತ್ತ ಜನ ಸೇರಿತ್ತು. "ನಂಗೊತ್ತೇ ಇಲ್ಲ ಕಣಣ್ಣ, ನನ್ ಮಕ್ಳಾಣೆಗೂ ಇಲ್ಲ," ಎಂದು ಧರ್ಮೇಂದ್ರ ಕೂಗುತ್ತಿದ್ದ. ಅವನು ನಿಜ ಹೇಳುತ್ತಿದ್ದಾನೆ ಎಂದು ಆ ಗುಂಪಿನಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಅಂಕಯ್ಯನವರ ಇನ್ನೊಂದು ಕೈ ಮೇಲೆದ್ದಿತ್ತು.

"ಬುಡಿ ಅಂಕಣ್ಣ! ಮಾಡ್ಸಿರೋಳು ನಾನು."

ಕೈ ಹಾಗೇ ನಿಂತಿತು. ಆಮೇಲೆ ಅವರು ಧರ್ಮೇಂದ್ರನ ಅಂಗಿಯನ್ನು ತಾವೇ ಸರಿಮಾಡಿ, "ತಪ್ಪಾಯ್ತು ಕಣಪ್ಪ," ಎಂದರು. ನನ್ನ ಕಡೆ ನೋಡಲಿಲ್ಲ. ಧರ್ಮೇಂದ್ರ ಮಾತ್ರ ನನ್ನನ್ನೇ ನೋಡಿ ನಕ್ಕ. ಯಾವತ್ತೂ ಅವನಿಗೆ ಎರಡು ಬಯ್ಯದೆ ಬಿಟ್ಟವಳಲ್ಲ ನಾನು. ಅವತ್ತು ತಲೆ ತಗ್ಗಿಸಿಕೊಂಡು ಅಂಕಯ್ಯನವರ ಹಿಂದೆ ನಡೆದೆ.

ಸೆಂಟರಿಗೆ ವಾಪಸು ಬಂದಾಗ ಮೂರು ಗಂಟೆ. ನಡೆದದ್ದನ್ನು ಚಿಕ್ಕಮಾದಮ್ಮನವರಿಗೆ ನಾನೇ ಹೇಳಿದೆ.

"ಯಾಕವ್ವ?" ಎಂದರು.

"ಹೆದ್ರಿಕೆ ಆಯ್ತಕ್ಕ. ಇನ್ನೊಂದ್ಸಲ ಎಲ್ಲಾ ಹೋಗ್ಬುಟ್ರೆ ಅಂತ."

"ನಮ್ ಮೇಲೆ ಹೆದ್ರಿಕೆ." ಅವರು ಜೋರು ಮಾಡಲಿಲ್ಲ. "ಬಸ್ ಸ್ಟ್ಯಾಂಡಲ್ಲಿ ಟೀ ಕುಡೀವಾಗ ನಾವಿಬ್ರೂ ಮಾತಾಡ್ಕಂಡಿದ್ದೋ. ನಿನ್ನೆಸ್ರಿಗೇ ಮಾಡ್ಸದು, ಓದ್ದೋಳು, ನಮ್ದೂ ನೋಡ್ಕತಾಳೆ ಅಂತ. ಅದ್ನೇ ಏಳಾಕೆ ಬಂದಿದ್ದು."

ನನಗೆ ಅಳು ಒತ್ತಿ ಬಂತು. "ಅಂಗಾರೆ ಅಕ್ಕ..."

"ಈಗಾಗಾಕಿಲ್ಲ ಕಣವ್ವ."

"ನಿನ್ನೆಸ್ರಿಗೆ ಮಾಡ್ಸು ಚಿಕ್ಕಮಾದಮ್ಮ," ಎಂದರು ಬಾಗಿಲ ಬಳಿ ನಿಂತಿದ್ದ ಅಂಕಯ್ಯ. ಅಲ್ಲಿಗೆ ತೀರ್ಮಾನವಾಯಿತು.

ನಾನು ನನ್ನ ಖಾತೆ ತೆರೆದುಕೊಟ್ಟೆ. ಚೆಲುವರಾಜು ಮಾಲೀಕರ ಹೆಸರು ಅಳಿಸಿ ಬೇರೆ ಬರೆದ, ಮೊಬೈಲ್ ನಂಬರು ಬದಲಿಸಿದ. ಮೂರೂವರೆಗೆ ಚಿಕ್ಕಮಾದಮ್ಮನವರ ಫೋನಿಗೆ ಓಟಿಪಿ ಬಂತು. ಯಾವ ಮೆಸೇಜು ಬಂದರೂ 'ಏನ್ ಬಂದದೆ ನೋಡವ್ವ' ಎಂದು ನನ್ನ ಕೈಗೇ ಫೋನು ಕೊಡುವವರು ಅವರು. ರೂಢಿಯಂತೆ ನಾನು ಕೈ ಚಾಚಿದೆ.

ಅವರು ಕೊಡಲಿಲ್ಲ. ಎದ್ದು ಚೆಲುವರಾಜುವನ್ನು ಕುರ್ಚಿಯಿಂದ ಎಬ್ಬಿಸಿ, ಫೋನನ್ನು ಎದೆಗೆ ಹತ್ತಿರ ಹಿಡಿದು ನೋಡಿ ನೋಡಿ, ಆರೂ ಅಂಕಿಗಳನ್ನು ಒಂದೇ ಬೆರಳಲ್ಲಿ ಒತ್ತಿದರು. ಕೆಲಸವಾಯಿತು. ಹೊಸ ಇಮೇಲ್ ತೆರೆಯುವಷ್ಟರಲ್ಲಿ ನಾಲ್ಕಕ್ಕೆ ಹತ್ತು ನಿಮಿಷ ಉಳಿದಿತ್ತು.

"ಬಾ, ಕಾಗ್ದ ಬರಿ," ಎಂದು ಕುರ್ಚಿ ಬಿಟ್ಟುಕೊಟ್ಟರು ಚಿಕ್ಕಮಾದಮ್ಮ. "ಮೂವರ್ ಹೆಸ್ರೂ ಹಾಕು. ಬರ್ದಾದ್ಮೇಲೆ ನೀನು ಓದ್ಬ್ಯಾಡ. ಚೆಲುವರಾಜು ಓದೇಳ್ತಾನೆ."