ಶತ್ರುವಿಲ್ಲದ ಜ್ವರ

ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಆದ ಮರುದಿನ ಸುಲೋಚನಾಗೆ ತನ್ನ ಕೈ ತನ್ನದೇ ಎನಿಸಲಿಲ್ಲ. ಬೆರಳುಗಳು ಬಾತುಕೊಂಡಿದ್ದವು, ರೆಪ್ಪೆ ಭಾರವಾಗಿತ್ತು, ಮೈ ಕಾದ ಹಂಚು. ನಾಗಪುರದ ಮರಾಠಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ಆಕೆ. ಭಯಕ್ಕಿಂತ ಮೊದಲು ಪ್ರಶ್ನೆ ಹುಟ್ಟಿತು. ಕೊಯ್ದದ್ದು ಎದೆ, ಮತ್ತು ರಕ್ತನಾಳ ತೆಗೆಯಲು ಕಾಲು. ಮುಖ, ಕೈ ಊದಿದ್ದು ಯಾಕೆ?

ಗಂಡ ರಂಗನಾಥನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅದೇ ಊರಿನ ಕಳಮನಾ ಮಾರುಕಟ್ಟೆಯಲ್ಲಿ ಕಿತ್ತಳೆ ವ್ಯಾಪಾರ ಮಾಡುವ ಅವನು ಡಾಕ್ಟರ್ ಹರ್ಷಿತಾಳನ್ನು ಹಾಸಿಗೆಯ ಪಕ್ಕದಲ್ಲೇ ತಡೆದ.

"ಒಂದು ಹಣ್ಣು ಕೊಳೆತ್ರ ಪೆಟ್ಟಿಗೀನ ಹೋಗತೈತ್ರಿ. ಒಳಗ ಕೀವು ಆಗೇತೇನು? ಖರೇ ಹೇಳ್ರಿ, ಜಲ್ದಿ ಬ್ಯಾರೆ ದವಾಖಾನಿಗೆ ಒಯ್ತೇನಿ."

"ಸೋಂಕು ಇದೆಯಾ ಅಂತ ರಕ್ತ ಪರೀಕ್ಷೆಗೆ ಕಳಿಸಿದೀವಿ ಸರ್. ನನಗೆ ಹಾಗನ್ನಿಸ್ತಿಲ್ಲ. ಈಗ ಇವರನ್ನ ಸಾಗಿಸೋದೇ ಅಪಾಯ," ಎಂದಳು ಮೈಸೂರಿನಿಂದ ಇಲ್ಲಿಗೆ ಕೆಲಸಕ್ಕೆ ಬಂದಿದ್ದ ಹರ್ಷಿತಾ.

ಸುಲೋಚನಾ ಒಣ ತುಟಿ ಬಿಚ್ಚಿದಳು. "ಹಂಗಾದ್ರ ಈ ಜ್ವರ ಯಾಕವಾ?"

"ಹೃದಯ ನಿಲ್ಲಿಸಿ ಹೊಲಿಗೆ ಹಾಕುವಾಗ ನಿಮ್ಮ ರಕ್ತಾನ ಹೊರಗೆ ಮೆಷೀನಲ್ಲಿ ಸುತ್ತಿಸಿದ್ವಿ ಅಮ್ಮ. ರಕ್ತಕ್ಕೆ ತನ್ನ ನಾಳದ ಗೋಡೆ ಗೊತ್ತು, ಮೆಷೀನಿನ ಪ್ಲಾಸ್ಟಿಕ್ ನಳಿಕೆ ಗೊತ್ತಿಲ್ಲ. ಯಾರೋ ಹೊರಗಿನವರು ನುಗ್ಗಿದ್ರು ಅಂತ ಇಡೀ ಮೈ ಎದ್ದು ನಿಲ್ಲುತ್ತೆ. ಕೊಯ್ದ ಗಾಯಾನೂ ಜೊತೆಗೆ ಸೇರುತ್ತೆ. ಆ ಗಲಾಟೇಲಿ ಸಣ್ಣ ರಕ್ತನಾಳ ಸೋರಿ ಊತ ಬರುತ್ತೆ, ಬಿಪಿ ಇಳಿಯುತ್ತೆ."

"ಶತ್ರುನ ಇಲ್ಲ, ಯುದ್ಧ ನಡದೈತಿ?"

"ಹೌದಮ್ಮ. ಅದು ತಣ್ಣಗಾಗೋವರೆಗೆ ನಾವು ನಿಮ್ಮನ್ನ ಕಾಯ್ಬೇಕು."

ಸಂಜೆ ಬಿಪಿ ಇನ್ನಷ್ಟು ಕುಸಿಯಿತು. ನರ್ಸು ಬಿಪಿ ಏರಿಸುವ ಔಷಧಿಯ ಹನಿ ಹೆಚ್ಚಿಸಿದಳು. ರಂಗನಾಥ ಹೆಂಡತಿಯ ಊದಿದ ಕೈ ಹಿಡಿದು ಕುಳಿತ. ಕಣ್ಣು ಮುಚ್ಚಿಕೊಂಡಿದ್ದ ಸುಲೋಚನಾ ಒಳಗಿನ ಆ ಗದ್ದಲಕ್ಕೆ ಕಿವಿಗೊಟ್ಟಳು. ಇಷ್ಟು ವರ್ಷ ಜೊತೆಗಿದ್ದ ಮೈ ತನ್ನನ್ನು ಕೇಳದೆಯೇ ತನಗಾಗಿ ಕಾದಾಡುತ್ತಿತ್ತು. ಹೆದರಿಕೆಯಾಯಿತು, ಅದರ ಬೆನ್ನಿಗೇ ಒಂದು ಬಗೆಯ ಅಕ್ಕರೆಯೂ ಉಕ್ಕಿತು.

ಪರೀಕ್ಷೆಯಲ್ಲಿ ರೋಗಾಣು ಸಿಗಲಿಲ್ಲ. ಜ್ವರ ಇಳಿಯಿತು, ಔಷಧಿಯಿಲ್ಲದೆಯೂ ಬಿಪಿ ಸ್ಥಿರವಾಯಿತು, ಬೆರಳ ಗೆಣ್ಣುಗಳು ಮತ್ತೆ ಕಾಣಿಸಿದವು.

ಮನೆಗೆ ಹೊರಡುವ ಮುನ್ನ ಅವಳು ಮೆಷೀನ್ ನೋಡಲೇಬೇಕೆಂದು ಹಟ ಹಿಡಿದಳು. ಹರ್ಷಿತಾ ಗಾಲಿಕುರ್ಚಿಯಲ್ಲಿ ಕರೆದೊಯ್ದು ದೂರದಿಂದ ತೋರಿಸಿದಳು. ಅದಕ್ಕೆ ಜೋಡಿಸುವ ಹೊಸದೊಂದು ನಳಿಕೆಯ ತುಂಡನ್ನು ಕೈಗಿತ್ತಳು. ಸುಲೋಚನಾ ಅದನ್ನು ಬೆರಳಲ್ಲಿ ಹೊರಳಿಸಿದಳು.

"ಎಷ್ಟು ನುಣುಪೈತಿ! ಇದರ ಮ್ಯಾಲೆ ಅಷ್ಟು ಸಿಟ್ಟಾ? ಬಾಜೂ ಹಾಸಿಗಿಯವರು ಮರುದಿನಾನ ಕೂತು ಚಾ ಕುಡದ್ರು. ಅವರಿಗೂ ಇದ ಮೆಷೀನ್ ಅಲ್ಲೇನು?"

"ಇದೇ ಅಮ್ಮ. ಎಲ್ಲರ ಮೈಯೂ ಸ್ವಲ್ಪ ಕೆರಳುತ್ತೆ. ಕೆಲವರದು ಯಾಕೆ ಇಷ್ಟು ಜೋರು ಅನ್ನೋದು ನಮಗೂ ಪೂರ್ತಿ ಗೊತ್ತಿಲ್ಲ. ಅದನ್ನೇ ಹುಡುಕ್ತಿದೀವಿ. ನಿಮಗೆ ಒಪ್ಪಿಗೆ ಇದ್ರೆ, ಆ ಕೆಲಸಕ್ಕೆ ನಿಮ್ಮ ರಕ್ತ ಸ್ವಲ್ಪ ಬೇಕಿತ್ತು."

"ಇನ್ನೂ ರಕ್ತಾ?" ರಂಗನಾಥ ಹೌಹಾರಿದ. "ಸಾಕ್ ಬಿಡ್ರಿ ಇನ್ನ!"

ಸುಲೋಚನಾ ಆಗಲೇ ತೋಳು ಮುಂದೆ ಚಾಚಿದ್ದಳು.

"ತಗೋವಾ. ಆದ್ರ ಏನು ಸಿಕ್ತು ಅನ್ನೂದನ್ನ ನನಗ ಹೇಳಬೇಕು ನೋಡು, ಮರೀಬ್ಯಾಡ."