ಅಂಚಿನಲ್ಲಿ ನಂಬರಿಲ್ಲದ ರೋಲು

ಅಣ್ಣನ ಸಿನಿಮಾಗಳ ಮೇಲೆ ಇದುವರೆಗೆ ಮೂರು ಪುಸ್ತಕ ಬಂದಿವೆ. ಮೂರರಲ್ಲೂ ಒಂದೇ ಪ್ರಶ್ನೆ: ಇಷ್ಟು ದೊಡ್ಡ ನಿರ್ದೇಶಕ, ಒಂದು ಸಿನಿಮಾದಲ್ಲೂ ತಾಯಿಯ ಮುಖ ಯಾಕೆ ತೋರಿಸುವುದಿಲ್ಲ? ತಾಯಿ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಾಳೆ, ಬಾಗಿಲಾಚೆಯಿಂದ ಮಾತಾಡುತ್ತಾಳೆ, ಅಷ್ಟೆ. ಒಬ್ಬ ಪಂಡಿತರಂತೂ ಇದರಲ್ಲಿ ನಲವತ್ತು ಪುಟದಷ್ಟು ತತ್ವ ಕಂಡಿದ್ದಾರೆ. ತತ್ವವೂ ಇಲ್ಲ, ಮಣ್ಣೂ ಇಲ್ಲ ಸ್ವಾಮಿ. ಮ್ಯಾಟಿನಿ ಶೋಗೆ ತಡವಾಗುತ್ತದೆಂದು ನಾನು ಹೈಪೋ ಮೊದಲು ಸುರಿದೆ.

ಆಗ ಅಣ್ಣ ನಿರ್ದೇಶಕರಲ್ಲ, ತಮ್ಮ ಭಾವನ ಸ್ಟುಡಿಯೋದಲ್ಲಿ ಫೋಟೋಗ್ರಾಫರ್. ನಾನು ಡಾರ್ಕ್‌ರೂಮಿನವನು. ಅವರ ಅಕ್ಕ ಕೌಂಟರಿನಲ್ಲಿ ಕೂತು ನೆಗೆಟಿವ್ ಕತ್ತರಿಸಿ ಕವರಿಗೆ ಹಾಕುತ್ತಿದ್ದರು. ನನಗೆ ಇಬ್ಬರೂ ಸಂಬಂಧಿಕರಲ್ಲ, ಆದರೂ ಅವರನ್ನು ಅಣ್ಣ, ಇವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರಿಬ್ಬರ ತಾಯಿಗೆ ಕ್ಯಾಮೆರಾ ಕಂಡರೆ ಆಗದು. ಸ್ಟುಡಿಯೋದವರ ಮನೆಯಲ್ಲೇ ತಾಯಿಯ ಒಂದು ಫೋಟೋ ಇಲ್ಲವೆಂದು ಬೀದಿಯವರೆಲ್ಲ ನಗುತ್ತಿದ್ದರು. ಆಕೆ ಕಾಯಿಲೆ ಬಿದ್ದ ಮೇಲೆ ಅಣ್ಣ ಕಾಡಿ ಬೇಡಿ ಒಪ್ಪಿಸಿ, ಕಿಟಕಿ ಪಕ್ಕ ಕೂರಿಸಿ, ಒಂದಿಡೀ ರೋಲು ತೆಗೆದರು. ಮೂವತ್ತಾರು ಫೋಟೋ. ನಾಲ್ಕನೇ ದಿನ ಆಕೆ ತೀರಿಕೊಂಡರು. ಅದಾಗಿ ವಾರಕ್ಕೆ ರೋಲು ನನ್ನ ಕೈಗೆ ಬಂತು.

ಡೆವಲಪರ್ ಮೊದಲು, ಹೈಪೋ ಆಮೇಲೆ. ಕೆಲಸಕ್ಕೆ ಸೇರಿದ ದಿನವೇ ಕಲಿಸುವ ಪಾಠ ಅದು. ಡೆವಲಪರ್ ಚಿತ್ರ ಮೂಡಿಸುತ್ತದೆ. ಹೈಪೋ, ಮೂಡದೆ ಉಳಿದದ್ದನ್ನೆಲ್ಲ ತೊಳೆದು ಹಾಕುತ್ತದೆ. ಹಿಂದುಮುಂದಾದರೆ ಏನೂ ಉಳಿಯುವುದಿಲ್ಲ. ಎರಡೂ ಕಂದು ಬಾಟಲಿ. ಟಿಕೆಟ್ ಜೇಬಿನಲ್ಲಿತ್ತು, ಕಣ್ಣು ಗಡಿಯಾರದ ಮೇಲಿತ್ತು. ತೆಗೆದು ನೋಡಿದರೆ ಫಿಲ್ಮು ಗಾಜಿನಷ್ಟು ತಿಳಿಯಾಗಿತ್ತು.

ಅಣ್ಣ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ಹೆಬ್ಬೆರಳಿಟ್ಟು ಅಂಚಿನುದ್ದಕ್ಕೂ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

“ಕ್ಯಾಮೆರಾ ಕೈಕೊಡ್ತಾ?”

“ಹೂಂ ಅಣ್ಣ. ಫಿಲ್ಮ್ ಸುತ್ಕೊಂಡೇ ಇಲ್ಲ ಅನ್ಸತ್ತೆ.”

“ಸರಿ. ಹಾಗಾದ್ರೆ ಕ್ಯಾಮೆರಾನೇ.”

ನನ್ನ ಹೆಂಡತಿ ಆಗ ತುಂಬು ಬಸುರಿ. ಸ್ಟುಡಿಯೋ ಯಜಮಾನರಾದ ಆ ಭಾವನ ಸಿಟ್ಟು ಎಲ್ಲರಿಗೂ ಗೊತ್ತಿದ್ದದ್ದೇ. ನಿಜ ಹೇಳಿದ್ದರೆ ಅಂದೇ ಬೀದಿಗೆ ಬೀಳುತ್ತಿದ್ದೆ. ಅಣ್ಣ ಕೌಂಟರಿಗೆ ಹೋಗಿ, “ನಾನೇ ಫಿಲ್ಮ್ ಸರಿಯಾಗಿ ಹಾಕಿರ್ಲಿಲ್ಲ ಅಕ್ಕ” ಎಂದರು. ಅಕ್ಕ ಆ ರೋಲಿನ ಕಡೆ ತಿರುಗಿಯೂ ನೋಡಲಿಲ್ಲ.

“ಸಾಯೋಳನ್ನ ಎಬ್ಬಿಸಿ ಕೂರಿಸಿದ್ದು ಇದಕ್ಕೇನೋ? ಇನ್ನು ನನ್ನ ಮನೆ ಮೆಟ್ಲು ಹತ್ಬೇಡ.”

ಅಣ್ಣ ಅವತ್ತೇ ಸ್ಟುಡಿಯೋ ಬಿಟ್ಟರು. ನಾನು ಸಿನಿಮಾಕ್ಕೆ ಹೋದೆ. ದಿಕ್ಕು ತೋಚದೆ ಹೋದೆ ಎಂದು ಹೇಳಿಕೊಳ್ಳಬಹುದು. ಆದರೆ ಅಲ್ಲಿ ಎರಡು ಸಲ ನಕ್ಕಿದ್ದೆ, ಅದು ಇವತ್ತಿಗೂ ನೆನಪಿದೆ.

ಮೂವತ್ತೆಂಟು ವರ್ಷ ಅಕ್ಕ ತಮ್ಮನ ನಡುವೆ ಮಾತಿಲ್ಲ. ಟೀವಿಯಲ್ಲಿ ಅಣ್ಣ ಪ್ರಶಸ್ತಿ ತೆಗೆದುಕೊಳ್ಳುವಾಗ ಅಕ್ಕ ಎದ್ದು ಹೋಗಿ ಆರಿಸುತ್ತಿದ್ದರು. ಪಕ್ಕದಲ್ಲೇ ಕೂತು ಅವರು ಕೊಟ್ಟ ಕಾಫಿ ಕುಡಿಯುತ್ತಿದ್ದವನು ನಾನು. ನಿಜ ನನ್ನ ಪಾಲಿಗೆ ಬಿಸಿ ತುಪ್ಪವಾಗಿತ್ತು, ಉಗುಳಲೂ ಆಗದು ನುಂಗಲೂ ಆಗದು. ಕೆಲಸ ಉಳಿಯಲಿ ಎಂದು ಸುಮ್ಮನಿದ್ದೆ. ಸ್ಟುಡಿಯೋ ಮುಚ್ಚಿದ ಮೇಲೂ ಸುಮ್ಮನಿದ್ದೆನಲ್ಲ, ಅದಕ್ಕೆ ಯಾವ ನೆಪವೂ ಇಲ್ಲ.

ಕಳೆದ ವಾರ ಅಣ್ಣನ ಹಳೆಯ ಫೋಟೋಗಳ ಪುಸ್ತಕ ಮಾಡುತ್ತಿರುವ ಹುಡುಗಿ ಬಂದಳು. ಕೈಯಲ್ಲೊಂದು ತಗಡಿನ ಡಬ್ಬಿ. ಒಳಗೆ ಅದೇ ರೋಲು.

“ಮೊದಲನೇ ಪುಟಕ್ಕೆ ಇದನ್ನೇ ಹಾಕ್ತೀವಿ ಅಂಕಲ್, ಕ್ಯಾಮೆರಾ ಕೈಕೊಟ್ಟ ದಿನ ಅಂತ. ಇದರ ಕೆಳಗೆ ಎರಡು ಸಾಲು ನಿಮ್ಮ ಕೈಲೇ ಬರೆಸ್ಕೊಂಡು ಬಾ ಅಂತ ಸರ್ ಹೇಳಿದ್ದಾರೆ.” ಆಮೇಲೆ ಕೇಳಿದಳು, “ಬೇರೆ ರೋಲ್‌ಗಳ ಅಂಚಲ್ಲೆಲ್ಲ ನಂಬರ್ ಇದೆ. ಇದ್ರಲ್ಲಿ ಯಾಕಿಲ್ಲ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. “ಹಳೇ ಫಿಲ್ಮ್ ಅಲ್ವಾ, ಅಳಿಸಿ ಹೋಗಿರತ್ತೆ” ಎಂದುಬಿಟ್ಟೆ.

ಅಳಿಸುವಂಥದ್ದಲ್ಲ ಅದು. ಆ ನಂಬರನ್ನು ಫಿಲ್ಮ್ ಮಾಡುವ ಕಂಪನಿಯವರೇ ಹಾಕಿರುತ್ತಾರೆ. ಕ್ಯಾಮೆರಾ ಕೈಕೊಟ್ಟರೆ ಚಿತ್ರ ಇರುವುದಿಲ್ಲ, ನಂಬರು ಮೂಡಿಯೇ ಮೂಡುತ್ತದೆ. ತೊಳೆಯುವವನು ಕೆಡಿಸಿದರೆ ಎರಡೂ ಇಲ್ಲ. ಅಣ್ಣ ಅವತ್ತು ಅಂಚಿನಲ್ಲಿ ಹುಡುಕಿದ್ದು ಅದನ್ನೇ. ಅವರಿಗೆ ಗೊತ್ತಾಗಿರಲಿಕ್ಕಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಸುಳ್ಳು ಹೇಳಿಕೊಂಡಿದ್ದೆ. ಈಗ ಅದೇ ರೋಲನ್ನು ನನ್ನ ಬಾಗಿಲಿಗೇ ಕಳಿಸಿದ್ದಾರೆ. ನಾನು ಬರೆದುಕೊಟ್ಟರೆ ಸುಳ್ಳು ಅಚ್ಚಾಗುತ್ತದೆ, ಎಂಬತ್ತೆರಡು ವರ್ಷದ ಅಕ್ಕ ಅದನ್ನೇ ನಂಬಿಕೊಂಡು ಹೋಗುತ್ತಾರೆ.

ನಾಳೆ ಕೊಡುತ್ತೇನೆಂದು ಹುಡುಗಿಯನ್ನು ಕಳಿಸಿ, ಡಬ್ಬಿ ಹಿಡಿದು ಅಕ್ಕನ ಮನೆಗೆ ಹೋದೆ. ರೋಲನ್ನು ಅವರ ಮಡಿಲಲ್ಲಿಟ್ಟೆ. ಕನ್ನಡಕ ಹಾಕಿಕೊಂಡು ಕಿಟಕಿಗೆ ಹಿಡಿದರು. ಹೆಬ್ಬೆರಳು ತಾನಾಗಿ ಅಂಚಿಗೆ ಹೋಯಿತು.

“ನಂಬರ್ ಇಲ್ವಲ್ಲೋ.”

“ಇಲ್ಲ ಅಕ್ಕ. ಕೆಡಿಸಿದ್ದು ನಾನು. ಹೈಪೋ ಮೊದಲು ಹಾಕ್ಬಿಟ್ಟೆ.”

ಬೈಯುತ್ತಾರೆಂದು ತಲೆ ತಗ್ಗಿಸಿ ಕೂತೆ. ಬೈದಿದ್ದರೆ ಒಳ್ಳೆಯದಿತ್ತು.

“ಅವನಿಗೆ ಗೊತ್ತಿತ್ತಾ?”

“ಅವತ್ತೇ ಗೊತ್ತಿತ್ತು.”

“ನಾನೊಂದ್ಸಲ ತಿರುಗಿ ನೋಡಿದ್ರೆ ನಂಗೂ ಗೊತ್ತಾಗ್ತಿತ್ತು.” ರೋಲನ್ನು ಮೆಲ್ಲಗೆ ಸುತ್ತಿ ಡಬ್ಬಿಗೆ ಹಾಕಿದರು. “ಫೋನ್ ಮಾಡು. ಮೊದಲು ನೀನು ಹೇಳು.”

ಅಣ್ಣ ಎತ್ತಿದರು. “ಅಣ್ಣ, ಅವತ್ತು ಆ ರೋಲು...” ಎಂದು ಶುರು ಮಾಡಿದೆ.

“ಗೊತ್ತು ಕಣೋ. ನೀನೇ ಹೇಳ್ಲಿ ಅಂತ ಕಾಯ್ತಿದ್ದೆ. ಎಲ್ಲಿದೀಯ?”

“ಅಕ್ಕನ ಮನೇಲಿ.”

ಅಕ್ಕ ಫೋನ್ ಕಿತ್ತುಕೊಂಡರು. ಕೇಳಿದ್ದು ಒಂದೇ ಪ್ರಶ್ನೆ:

“ಅಮ್ಮ ಅದ್ರಲ್ಲಿ ನಕ್ಕಿದ್ಲೇನೋ?”

ಆ ಮುಖವನ್ನು ಕ್ಯಾಮೆರಾದೊಳಗಿಂದ ಕಂಡವರು ಅಣ್ಣ ಒಬ್ಬರೇ. ಅಕ್ಕನಿಗೆ ಕಿವಿ ಮಂದ, ಫೋನಿನ ದನಿ ಜೋರಾಗಿಟ್ಟಿದ್ದರಿಂದ ಅಣ್ಣ ಹೇಳಿದ್ದು ನನಗೂ ಕೇಳಿಸಿತು. “ಮೊದಲನೇದ್ರಲ್ಲಿ ಇಲ್ಲ ಅಕ್ಕ, ನನ್ನನ್ನೇ ಗುರಾಯಿಸ್ತಿದ್ಲು. ಎರಡನೇದ್ರಲ್ಲಿ ಕೂದಲು ಸರಿ ಮಾಡ್ಕೋತಿದಾಳೆ. ಮೂರನೇದ್ರಲ್ಲಿ ನೀನು ಒಳಗಿಂದ ಏನೋ ಕೂಗ್ದೆ ನೋಡು, ಆಗ ನಕ್ಳು...”

ನನಗೆ ಎದ್ದು ಓಡಬೇಕೆನಿಸಿತು. ಓಡಲಿಲ್ಲ. ಮೂವತ್ತಾರನ್ನೂ ಕೂತು ಕೇಳಿದೆ.